ಪೇ ಸ್ಲಿಪ್‌ನಲ್ಲಿ ಕಟ್ ಆಗೋ ಆ 105 ರೂಪಾಯಿ

ನಮ್ಮಮ್ಮ ಪೀಣ್ಯದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಆರು ವರ್ಷದಿಂದ ಅಲ್ಲೇ ಕೆಲಸ. ಕಳೆದ ವರ್ಷ ನನ್ನ ಫಸ್ಟ್ ಸೆಮ್ ಎಕ್ಸಾಂ ಟೈಮಲ್ಲೇ ಅಮ್ಮನಿಗೆ ಗಾಲ್ ಬ್ಲಾಡರ್ ಕಲ್ಲಿನ ಆಪರೇಷನ್ ಆಯ್ತು. ಪ್ರೈವೇಟ್ ನರ್ಸಿಂಗ್ ಹೋಮ್, ಬಿಲ್ 68,000 ರೂಪಾಯಿ. ಚೀಟಿ ಎತ್ತಿ ಕಟ್ಟಿದ್ವಿ. ಮೂರು ವಾರ ಸಂಬಳವೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಸ್ಕಾಲರ್‌ಶಿಪ್‌ಗೆ ಅಂತ ಅಮ್ಮನ ಪೇ ಸ್ಲಿಪ್ ಸ್ಕ್ಯಾನ್ ಮಾಡ್ತಿದ್ದೆ. ಅದರಲ್ಲಿ ಇಎಸ್‌ಐ ಅಂತ ಒಂದು ಸಾಲು. "ಇದೇನಮ್ಮ?" ಅಂದೆ. "ಪಿಎಫ್ ತರ ಏನೋ ಕಟ್ ಮಾಡ್ತಾರೆ ಕಣೋ" ಅಂದ್ಲು.

ಇಎಸ್‌ಐ ಅಂದ್ರೆ ನೌಕರರ ರಾಜ್ಯ ವಿಮೆ. 1948ರ ಕಾಯ್ದೆಯಿಂದ ಬಂದ ಯೋಜನೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅನ್ವಯಿಸುತ್ತೆ. ನೌಕರರ ಪಾಲು ಸಂಬಳದ ಶೇ. 0.75, ಕಂಪನಿ ಪಾಲು ಶೇ. 3.25. ಸಂಬಳ 14,000 ಅಂದುಕೊಳ್ಳಿ: ನೌಕರರಿಂದ 105, ಕಂಪನಿಯಿಂದ 455 ರೂಪಾಯಿ. ಇದಕ್ಕೆ ಪ್ರತಿಯಾಗಿ ಇಎಸ್‌ಐ ಡಿಸ್ಪೆನ್ಸರಿ, ಆಸ್ಪತ್ರೆಗಳಲ್ಲಿ ನೌಕರರಿಗೂ ಅವರನ್ನ ಅವಲಂಬಿಸಿದ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತೆ. ಬೇಕಾದಷ್ಟು ದಿನದ ವಂತಿಗೆ ಕಟ್ಟಿದ್ದು, ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ, ಕಾಯಿಲೆ ರಜೆಗೆ ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಬರುತ್ತೆ. ಹೆರಿಗೆಗೆ 26 ವಾರ. ರಾಜಾಜಿನಗರದಲ್ಲೂ ಪೀಣ್ಯದಲ್ಲೂ ಇಎಸ್‌ಐ ಆಸ್ಪತ್ರೆ ಇದೆ. ನಾವು ಮಾತ್ರ ಚೀಟಿ ಎತ್ತಿದ್ವಿ.

ಹಾಗಾದ್ರೆ ಕಂಪನಿ ಹೇಳಿರಲಿಲ್ವಾ? ಹೇಳಿತ್ತು. ಕೆಲಸಕ್ಕೆ ಸೇರಿದ ದಿನ ಹತ್ತಾರು ಫಾರ್ಮ್‌ಗೆ ಸೈನ್ ಹಾಕಿಸಿಕೊಂಡು ಒಂದು ಇಂಗ್ಲಿಷ್ ಹಾಳೆ ಕೊಟ್ಟಿದ್ರು. ಅದು ಬೀರುವಿನಲ್ಲಿ ಸಿಕ್ಕಿತು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಸರಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಅದನ್ನ ಒಂದು ಸಲವೂ ಬಿಡಿಸಿ ನೋಡಿರಲಿಲ್ಲ.

ನೆಟ್‌ವರ್ಕ್ಸ್ ಓದಿದವರಿಗೆ ಗೊತ್ತು, ಟಿಸಿಪಿಯಲ್ಲಿ ಪ್ಯಾಕೆಟ್ ಕಳಿಸಿದರೆ ಸಾಲದು, ಆ ಕಡೆಯಿಂದ ಆಕ್ನಾಲೆಜ್‌ಮೆಂಟ್ ಬರಬೇಕು. ಬರದಿದ್ರೆ ಮತ್ತೆ ಕಳಿಸಬೇಕು. ತುಂಬಾ ಕಂಪನಿಗಳು ನೋಟಿಸ್ ಅಂಟಿಸಿ ಕೆಲಸ ಮುಗೀತು ಅಂದ್ಕೊಳ್ತವೆ. ಅದರ ಬದಲು ಏನು ಮಾಡಬಹುದು?

ಮೊದಲನೇದು, ಭಾಷೆ. ಕನ್ನಡದಲ್ಲಿ ಬೇಕು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯವರೂ ಇದ್ದಾರೆ, ಅವರ ಭಾಷೆಯಲ್ಲೂ ಬೇಕು. ಓದೋಕೆ ಕಷ್ಟ ಪಡೋರಿಗೆ ವಾಟ್ಸಾಪ್ ವಾಯ್ಸ್ ಮೆಸೇಜ್ ಸಾಕು. ಮನೆಯವರೂ ಕೇಳಿಸಿಕೊಳ್ತಾರೆ.

ಎರಡನೇದು, ಒಂದೇ ಹಾಳೆ, ಮೂರೇ ಪ್ರಶ್ನೆ: ಹುಷಾರಿಲ್ಲದಿದ್ರೆ ಎಲ್ಲಿಗೆ ಹೋಗಬೇಕು? ಏನು ತಗೊಂಡು ಹೋಗಬೇಕು? ಯಾರಿಗೆ ಫೋನ್ ಮಾಡಬೇಕು? ಕಾಯ್ದೆಯ ಸೆಕ್ಷನ್ ನಂಬರ್ ಯಾರಿಗೂ ಬೇಡ.

ಮೂರನೇದು, ಸಮಯ. ಸೇರಿದ ದಿನ ಹೇಳಿದ್ದು ಆರು ವರ್ಷ ನೆನಪಿರಲ್ಲ. ಆಗಾಗ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಹೇಳಬಹುದು. ಯಾರಾದ್ರೂ ಮೂರು ದಿನ ರಜೆ ಕೇಳಿದಾಗಲಂತೂ ಹೇಳಲೇಬೇಕು.

ನಾಲ್ಕನೇದು, ಹೇಳೋರು ಯಾರು ಅನ್ನೋದು. ಎಚ್‌ಆರ್ ಮಾತಿಗಿಂತ, ಇಎಸ್‌ಐನಲ್ಲಿ ಹೆರಿಗೆ ಮಾಡಿಸಿಕೊಂಡು ಬಂದ ಪಕ್ಕದ ಮಷೀನಿನ ಅಕ್ಕನ ಮಾತನ್ನ ಜನ ನಂಬ್ತಾರೆ. ಹಾಗೇನೇ, ಗಂಡಸು ಸೂಪರ್‌ವೈಸರ್ ಹತ್ರ ಹೇಳಿಕೊಳ್ಳಲಾಗದ ಕಾಯಿಲೆಗಳಿರ್ತವೆ. ಅದಕ್ಕೆ ಕೇಳೋಕೆ ಒಬ್ಬ ಹೆಂಗಸು ಇರಬೇಕು, ಕೇಳಿದ್ದು ಲೈನಿಗೆಲ್ಲ ಗೊತ್ತಾಗಬಾರದು.

ಕೊನೇದು ಆಕ್ನಾಲೆಜ್‌ಮೆಂಟ್. "ಅರ್ಥ ಆಯ್ತಾ?" ಅಂದ್ರೆ ಎಲ್ಲರೂ ತಲೆ ಆಡಿಸ್ತಾರೆ, ನಾವು ಕ್ಲಾಸಲ್ಲಿ ಆಡಿಸಲ್ವಾ, ಹಾಗೆ. "ನಾಳೆ ಮಗುಗೆ ಜ್ವರ ಬಂದ್ರೆ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿ ನೋಡಬೇಕು.

ಇದು ನಮಗೂ ಸಂಬಂಧಪಟ್ಟಿದ್ದೇ. ಇನ್ನೆರಡು ವರ್ಷಕ್ಕೆ ಆಫರ್ ಲೆಟರ್ ಬರುತ್ತೆ, ಸಿಟಿಸಿ ನೋಡಿ ಕುಣೀತೀವಿ. ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅಮ್ಮ ಸೇರ್ತಾರಾ, ರೂಮ್ ಬಾಡಿಗೆಗೆ ಮಿತಿ ಇದೆಯಾ ಅಂತಾನೂ ಕೇಳಿ. ಕೆಲವು ಪಾಲಿಸಿಗಳಲ್ಲಿ ಮಿತಿಗಿಂತ ದೊಡ್ಡ ರೂಮ್ ತಗೊಂಡ್ರೆ ಬಾಡಿಗೆ ಮಾತ್ರ ಅಲ್ಲ, ಬಿಲ್‌ನ ಬೇರೆ ಖರ್ಚುಗಳಿಗೂ ಅದೇ ಲೆಕ್ಕದಲ್ಲಿ ಕತ್ತರಿ ಬೀಳುತ್ತೆ. ಮುಂದೆ ನಮ್ಮಲ್ಲಿ ಕೆಲವರು ಫ್ಯಾಕ್ಟರಿಗಳಲ್ಲಿ ಮ್ಯಾನೇಜರ್ ಆಗ್ತೀವಿ. ಆಗ ಆ ಹಾಳೆ ಬರೆಯೋದು ನಾವೇ.

ಸದ್ಯಕ್ಕೆ, ಈ ಸಲ ಊರಿಗೆ ಹೋದಾಗ ಮನೆಯವರ ಪೇ ಸ್ಲಿಪ್ ಒಮ್ಮೆ ಓದಿ. ನಾನು ತಡವಾಗಿ ಓದಿದೆ.