ಹತ್ತಿಕಟ್ಟಿಗೆಯಿಂದ ನ್ಯಾನೊ ನಾರು: ಖರ್ಚು ಎಲ್ಲಿದೆ?

ನಮ್ಮ ರಾಮಥಾಳ ಭಾಗದಲ್ಲಿ ಹತ್ತಿ ಬಿಡಿಸಿದ ಮೇಲೆ ಕಟ್ಟಿಗೆ ಅಮ್ಮಿಗೆ ಉರುವಲು. ಆದರೆ ಅದರಲ್ಲಿ ಸೆಲ್ಯುಲೋಸ್ ಇದೆ.

ಪುಡಿ ಮಾಡಿದ ಕಟ್ಟಿಗೆಯನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ನಾರುಗಳನ್ನು ಅಂಟಿಸಿರುವ ಲಿಗ್ನಿನ್ ಕರಗುತ್ತದೆ. ಬ್ಲೀಚ್ ಮಾಡಿದ ತಿರುಳನ್ನು ನೀರಿನಲ್ಲಿ ಕಲಸಿ ಯಂತ್ರದಲ್ಲಿ ಮತ್ತೆ ಮತ್ತೆ ಅರೆದರೆ ನಾರು ಸೀಳಿ 100 ನ್ಯಾನೊಮೀಟರ್‌ಗಿಂತ ತೆಳ್ಳಗಾಗುತ್ತದೆ. ಒಂದು ಮಿಲಿಮೀಟರ್ ಎಂದರೆ 10 ಲಕ್ಷ ನ್ಯಾನೊಮೀಟರ್! ಇದನ್ನು ಸ್ವಲ್ಪ ಬೆರೆಸಿದರೂ ಕಾಗದ ಗಟ್ಟಿಯಾಗುತ್ತದೆ. ಮುಂಬೈಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 'ಸಿರ್ಕಾಟ್' ಹತ್ತಿಯಿಂದ ಇದನ್ನು ತಯಾರಿಸುವ ಪ್ರಾಯೋಗಿಕ ಘಟಕ ಸ್ಥಾಪಿಸಿದೆ.

ವಾಣಿಜ್ಯ ವಿದ್ಯಾರ್ಥಿಯಾಗಿ ನಾನು ನೋಡುವುದು ವೆಚ್ಚ. ಕಚ್ಚಾ ಮಾಲು ಅಗ್ಗ. ಅರೆಯಲು ಕರೆಂಟು ಬಹಳ ಬೇಕು. ಸಿಗುವ ಗಂಜಿಯಂಥ ಮಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಒಣಗಿಸಿದರೆ ನಾರು ಮತ್ತೆ ಅಂಟಿಕೊಳ್ಳುತ್ತದೆ. ಹಾಗೇ ಕಳಿಸಿದರೆ ನೀರಿಗೂ ಲಾರಿ ಬಾಡಿಗೆ. ಈ ಎರಡು ಖರ್ಚು ಇಳಿದರೆ ನಮ್ಮ ಕಟ್ಟಿಗೆಗೂ ದರ ಬಂದೀತು.