ಹೊಸ ಮನೆಯ ಹಿತ್ತಲ ಗಿಡಗಳು

ಹೊಸ ಮನೆಗೆ ಒಕ್ಕಲು ಹೋಗುವವರು ಗೋಡೆಯನ್ನೂ ಮಾಡನ್ನೂ ನೀರಿನ ಅನುಕೂಲವನ್ನೂ ಚೆನ್ನಾಗಿ ಪರೀಕ್ಷಿಸುತ್ತಾರೆ. ಹಿತ್ತಲನ್ನು ಮಾತ್ರ ಪರೀಕ್ಷಿಸುವವರು ವಿರಳ. ಹಿಂದಿದ್ದವರು ನೆಟ್ಟವು ಕೆಲವು, ಹಕ್ಕಿಗಳು ಬಿತ್ತಿದವು ಕೆಲವು, ಗಾಳಿ ತಂದವು ಕೆಲವು, ಅಂತೂ ಹೆಸರರಿಯದ ಗಿಡಗಳು ಅಲ್ಲಿ ಬೆಳೆದು ನಿಂತಿರುತ್ತವೆ. ಕೂಲಿಯಾಳನ್ನು ಕರೆಯಿಸಿ ಎಲ್ಲವನ್ನೂ ಕಡಿಸಿಬಿಡುವವರುಂಟು. ಒಂದನ್ನೂ ಮುಟ್ಟದೆ ಬಿಡುವವರೂ ಉಂಟು. ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಮೊದಲನೆಯದರಿಂದ ಅಡಿಗೆಗೊದಗುವ ಸೊಪ್ಪುಗಳು ನಾಶವಾಗುತ್ತವೆ; ಎರಡನೆಯದರಿಂದ ಮಕ್ಕಳ ಪ್ರಾಣಕ್ಕೇ ಅಪಾಯ ಬರಬಹುದು.

ಆದುದರಿಂದ ವಿಷದ ಗಿಡಗಳನ್ನೇ ಮೊದಲು ಗುರುತಿಸಬೇಕು. ಕಣಗಿಲೆಯ ಎಲೆ ನೀಳ, ತೊಗಲಿನಂತೆ ದಪ್ಪ. ಗೆಣ್ಣಿಗೆ ಸಾಮಾನ್ಯವಾಗಿ ಮೂರರಂತೆ ಹುಟ್ಟುತ್ತದೆ. ಹಳದಿ ಕಣಗಿಲೆಯ ಎಲೆ ಇನ್ನೂ ಕಿರಿದು; ಮುರಿದರೆ ಬಿಳಿಯ ಹಾಲು ಒಸರುತ್ತದೆ; ಅದರ ಹಸುರು ಕಾಯಿ ಮಾಗಿದಾಗ ಕಪ್ಪಾಗುತ್ತದೆ. ಇವೆರಡರ ಬೇರಿನಿಂದ ಬೀಜದವರೆಗೂ ವಿಷ. ಆ ವಿಷವು ಹೃದಯದ ಬಡಿತವನ್ನೇ ಕೆಡಿಸುತ್ತದೆ. ದತ್ತೂರಕ್ಕೆ ತುತ್ತೂರಿಯಂತಹ ಹೂವು, ಮುಳ್ಳಿನ ಕಾಯಿ. ಹೂ ಬಿಡುವ ಮುನ್ನ ಅದರ ಎಲೆಯನ್ನು ಸೊಪ್ಪೆಂದು ಬೇಯಿಸಿ ತಿಂದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಚಿತ್ತಭ್ರಮೆಯಾಗುತ್ತದೆ. ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಗುಲಗಂಜಿಯ ಕೆಂಪು ಬೀಜವು ಮಕ್ಕಳ ಕಣ್ಣಿಗೆ ಆಟದ ಮಣಿ; ಆದರೆ ಅದನ್ನು ಅಗಿದು ನುಂಗಿದರೆ ಪ್ರಾಣಾಪಾಯ. ಹರಳಿನ ಬೀಜವೂ ಹಾಗೆಯೇ. ಎಣ್ಣೆ ತೆಗೆದಾಗ ವಿಷವು ಹಿಂಡಿಯಲ್ಲಿ ಉಳಿಯುತ್ತದೆ. ಕ್ಯಾರೆಟ್ಟಿನ ಎಲೆಯನ್ನು ಹೋಲುವ ಎಲೆ, ಬಿಳಿಯ ಸಣ್ಣ ಹೂಗೊಂಚಲು ಇದ್ದರೆ ಅದು ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆಯು ಚರ್ಮಕ್ಕೆ ತುರಿಯನ್ನೂ ಉಸಿರಿಗೆ ಉಬ್ಬಸವನ್ನೂ ತರುತ್ತದೆ. ಕೈಗವಸು ತೊಟ್ಟು, ಹೂ ಬಿಡುವ ಮುನ್ನವೇ ಕೀಳಬೇಕು.

ಇನ್ನು ಉಪಕಾರಿಗಳು. ತೇವದ ನೆಲದಲ್ಲಿ ದುಂಡೆಲೆ ಹರಡಿ ಹಬ್ಬುವುದು ಒಂದೆಲಗ. ಎಲೆಗಳ ಕೆಳಗೆ ಸಾಲಾಗಿ ಮಣಿಗಳನ್ನು ಪೋಣಿಸಿದಂತೆ ಕಾಯಿ ಬಿಡುವುದು ನೆಲನೆಲ್ಲಿ. ಕೆಂಪು ಕಾಂಡ, ದಪ್ಪನೆಯ ನುಣುಪಾದ ಎಲೆಯದು ಗೋಣಿಸೊಪ್ಪು. ಇದರಂತೆಯೇ ನೆಲಕ್ಕೆ ಅಂಟಿ ಬೆಳೆಯುವ ಬೇರೊಂದು ಕಳೆಯುಂಟು. ಕಾಂಡವನ್ನು ಮುರಿದಾಗ ಹಾಲು ಬಂದರೆ ಅದು ಗೋಣಿಸೊಪ್ಪಲ್ಲ. ಹಾಗೆಂದು ಹಾಲೊಂದೇ ವಿಷದ ಗುರುತೆಂದು ನಂಬಲಾಗದು: ಹಲಸಿಗೆ ಹಾಲುಂಟು, ವಿಷವಿಲ್ಲ, ದತ್ತೂರಕ್ಕೆ ಹಾಲಿಲ್ಲ, ವಿಷವುಂಟು.

ಪರೀಕ್ಷೆಯ ಕ್ರಮ ಹೀಗೆ: ಎಲೆಗಳು ಎದುರುಬದುರಾಗಿವೆಯೋ ಒಂದು ಬಿಟ್ಟೊಂದಾಗಿವೆಯೋ, ಕಾಂಡವು ದುಂಡೋ ಚೌಕವೋ, ಹೂವಿನ ದಳಗಳೆಷ್ಟು, ಕಾಯಿ ಎಂಥದು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ತುಳಸಿ, ದೊಡ್ಡಪತ್ರೆಗಳಂತೆ ಪರಿಮಳದಿಂದಲೇ ಗುರುತು ಸಿಕ್ಕುವ ಗಿಡಗಳುಂಟು. ಆದರೆ ಅರಿಯದ ಎಲೆಯನ್ನು ನಾಲಗೆಗೆ ಎಂದಿಗೂ ಮುಟ್ಟಿಸಬಾರದು. ಹೂವಿರುವ ಒಂದು ರೆಂಬೆಯನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಬಹುದು. ಬೆಂಗಳೂರಿನವರು ಲಾಲ್‌ಬಾಗಿನ ಹೆಸರುಹಲಗೆಗಳುಳ್ಳ ಮರಗಳೊಡನೆ ಹೋಲಿಸಿ ನೋಡಬಹುದು. ಚಿತ್ರ ತೆಗೆದರೆ ಹೆಸರು ಹೇಳುವ ಮೊಬೈಲ್ ಸಾಧನಗಳು ಈಗ ಬಂದಿವೆ. ಅವು ಸುಳಿವು ಕೊಡಬಲ್ಲವು, ತಿನ್ನಲು ಅಪ್ಪಣೆ ಕೊಡಲಾರವು. ಊರಿಗೊಂದು ಹೆಸರಿರುವುದರಿಂದ, 1753ರಲ್ಲಿ ಲಿನೇಯಸ್ ನೆಲೆಗೊಳಿಸಿದ ಎರಡು ಪದಗಳ ಶಾಸ್ತ್ರೀಯ ನಾಮವನ್ನೂ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ವಿಷವೆಂದು ತಿಳಿದುದನ್ನು ಒಡನೆ ತೆಗೆಯಿಸಿ, ಉಳಿದವಕ್ಕೆ ಒಂದು ಮಳೆಗಾಲದ ಅವಕಾಶ ಕೊಡಬೇಕು. ಬೇಸಗೆಯಲ್ಲಿ ಬರಿದಾಗಿ ಕಾಣುವ ನೆಲದೊಳಗೆ ಅರಿಸಿನದ ಗಡ್ಡೆ ಮಲಗಿರಬಹುದು. ವಿಷದ ಕಡ್ಡಿಗಳನ್ನು ಸುಡದೆ ಆಳವಾಗಿ ಹೂಳುವುದು ಲೇಸು. ಮಗುವೇನಾದರೂ ತಿಂದುಬಿಟ್ಟರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಆ ಗಿಡದ ರೆಂಬೆಯೊಡನೆ ಆಸ್ಪತ್ರೆಗೆ ಧಾವಿಸಬೇಕು. ಗಿಡದ ಹೆಸರು ತಿಳಿದರೆ ವೈದ್ಯರ ಕೆಲಸ ಸುಗಮವಾಗುತ್ತದೆ.

ಹಿತ್ತಲ ಗಿಡ ಮದ್ದಲ್ಲವೆಂಬುದು ಗಾದೆ. ಮದ್ದೋ ವಿಷವೋ ಎಂಬುದನ್ನು ಮೊದಲು ತಿಳಿಯುವುದು ಮನೆಯೊಡೆಯರ ಕರ್ತವ್ಯ.