ರಿಜಿಸ್ಟರಿನ ಕೊನೆಯ ಕಾಲಂ

ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಕಡೆಯ ಮೆಡಿಕಲ್ ಕಾಲೇಜುಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಸುಳಿವು ಹುಡುಕಲು ಪೆಥಾಲಜಿ ವಿಭಾಗಕ್ಕೆ ಬಂದ ಪ್ಯಾಪ್ ಸ್ಮಿಯರ್ ಸ್ಲೈಡಿಗೆ ಮೊದಲು ಬೀಳುವುದು ಒಂದು ನಂಬರು. ಹೆಂಗಸಿನ ವಯಸ್ಸು, ಊರು, ತೊಂದರೆ ಎಲ್ಲವೂ ಆ ನಂಬರಿನ ಎದುರು ರಿಜಿಸ್ಟರಿಗೆ ಏರುತ್ತವೆ. ಪೆಥಾಲಜಿಸ್ಟರ ಸಂಶೋಧನೆ ಶುರುವಾಗುವುದು ಮೈಕ್ರೋಸ್ಕೋಪಿನಲ್ಲಲ್ಲ, ಈ ರಿಜಿಸ್ಟರಿನಲ್ಲಿ.

ಗರ್ಭಕಂಠದಿಂದ ಸವರಿ ತೆಗೆದ ಜೀವಕೋಶಗಳನ್ನು ಗಾಜಿಗೆ ಹಚ್ಚಿದ ಕೂಡಲೇ ಶೇ. 95ರ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಆರೋಗ್ಯ ಕ್ಯಾಂಪಿನ ಗಡಿಬಿಡಿಯಲ್ಲಿ ಸ್ವಲ್ಪ ತಡವಾಗಿ ಗಾಳಿಗೆ ಒಣಗಿತೋ, ನ್ಯೂಕ್ಲಿಯಸ್ ಊದಿಕೊಂಡು ಮಸುಕಾಗುತ್ತದೆ; ಆಮೇಲೆ ಎಂಥ ನುರಿತ ಕಣ್ಣಿಗೂ ಅದನ್ನು ಓದುವುದು ಕಷ್ಟ. ಸರಿಯಾಗಿ ಬಂದ ಸ್ಲೈಡಿನಲ್ಲೂ ಕೆಲಸ ಸಲೀಸಲ್ಲ. ಕನಿಷ್ಠ 8,000ದಿಂದ 12,000 ಕೋಶಗಳಾದರೂ ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ ಸ್ಮಿಯರ್ ವರದಿಗೆ ಬಳಸುವ ಬೆಥೆಸ್ಡಾ ಪದ್ಧತಿ. ನ್ಯೂಕ್ಲಿಯಸ್ ದೊಡ್ಡದಾಗಿ, ಕಪ್ಪಾಗಿ, ಅಂಚು ಸೊಟ್ಟಗಾಗಿರುವ ಕೆಲವೇ ಕೋಶಗಳನ್ನು ಅಷ್ಟರೊಳಗಿಂದ ಹುಡುಕಿ ಹಿಡಿಯಬೇಕು. ಗ್ರೀಸ್‌ನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ದುಡಿದ ಜಾರ್ಜ್ ಪಾಪನಿಕೊಲಾವು ಕ್ಯಾನ್ಸರನ್ನು ಹೀಗೆ ಕೋಶಗಳಲ್ಲೇ ಗುರುತಿಸಬಹುದೆಂದು 1928ರಲ್ಲಿ ಹೇಳಿದಾಗ ಕೇಳಿದವರು ಕಡಿಮೆ. 1941ರಲ್ಲಿ ಹರ್ಬರ್ಟ್ ಟ್ರಾಟ್ ಜೊತೆ ಬರೆದ ಪ್ರಬಂಧದ ನಂತರವೇ ಲೋಕ ಕಿವಿಗೊಟ್ಟಿತು.

ನಮ್ಮ ಜಿಲ್ಲೆಗಳ ಕಾಲೇಜುಗಳಿಂದ ಹೊರಬರುವ ಪ್ರಬಂಧಗಳನ್ನು ಓದುವಾಗ ಒಂದು ಎಚ್ಚರ ಬೇಕು. ‘ಇಷ್ಟು ಸ್ಲೈಡುಗಳಲ್ಲಿ ಶೇಕಡಾ ಇಷ್ಟು ದೋಷ’ ಎಂಬ ಲೆಕ್ಕ ಸಾಮಾನ್ಯವಾಗಿ ಬಿಳಿ ಹೋಗುವುದು, ಹೊಟ್ಟೆನೋವು, ಮುಟ್ಟು ನಿಂತ ಮೇಲೂ ರಕ್ತಸ್ರಾವ ಎಂದು ಆಸ್ಪತ್ರೆಗೆ ಬಂದವರದ್ದು. ಏನೂ ತೊಂದರೆಯಿಲ್ಲದೆ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮುಂದೆ ಕೂತಿರುವ ಹೆಂಗಸು ಆ ಲೆಕ್ಕದಲ್ಲಿಲ್ಲ. ಸ್ಕ್ರೀನಿಂಗ್ ಬೇಕಿರುವುದು ಅವಳಿಗೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1982ರಿಂದ ನಡೆಸುತ್ತಿರುವ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ಬೆಲೆಬಾಳುವ ದಾಖಲೆ. ಒಂದು ಕಾಲಕ್ಕೆ ಬೆಂಗಳೂರಿನ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದ ಗರ್ಭಕಂಠದ ಕ್ಯಾನ್ಸರ್ ಇಳಿದು, ಸ್ತನದ ಕ್ಯಾನ್ಸರ್ ಮುಂದಾದದ್ದು ತಿಳಿದಿರುವುದು ಅದರಿಂದ. ಆದರೆ ಅದು ನಗರವಾಸಿಗಳ ಲೆಕ್ಕ. ಹಳ್ಳಿಯಿಂದ ಬಂದು ಅಲ್ಲೇ ಚಿಕಿತ್ಸೆ ಪಡೆದವಳು ಆಸ್ಪತ್ರೆಯ ಪುಸ್ತಕದಲ್ಲಿರುತ್ತಾಳೆ, ನಗರದ ಪ್ರಮಾಣದಲ್ಲಿ ಇರುವುದಿಲ್ಲ.

ಸ್ಲೈಡಿನಲ್ಲಿ ತೀವ್ರ ಬದಲಾವಣೆ ಕಂಡರೆ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಪರೀಕ್ಷೆ), ಬಯಾಪ್ಸಿ ಆಗಬೇಕು. ಬಯಾಪ್ಸಿಯ ಫಲಿತಾಂಶವನ್ನು ಹಳೆಯ ಸ್ಲೈಡಿನ ಪಕ್ಕ ಇಟ್ಟು ನೋಡಿದಾಗಲೇ ಪೆಥಾಲಜಿಸ್ಟರಿಗೆ ತಮ್ಮ ಕಣ್ಣು ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಗೊತ್ತಾಗುವುದು. ಹೊಸಕೋಟೆಯಲ್ಲಿ ಸ್ಮಿಯರ್ ಕೊಟ್ಟವಳು ಬಯಾಪ್ಸಿಗೆ ಬೆಂಗಳೂರಿಗೆ ಹೋದರೆ, ಅಥವಾ ಎಲ್ಲಿಗೂ ಹೋಗದಿದ್ದರೆ, ಬಯಾಪ್ಸಿ ಫಲಿತಾಂಶ ಬರೆಯಬೇಕಾದ ರಿಜಿಸ್ಟರಿನ ಕೊನೆಯ ಕಾಲಂ ಖಾಲಿ. ಸಂಶೋಧನೆಯ ಬಡತನಕ್ಕೆ ಯಂತ್ರಗಳ ಕೊರತೆಗಿಂತ ಈ ಖಾಲಿ ಕಾಲಮ್ಮೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ಹಾಗೆಂದು ಕಾಲಂ ತುಂಬಿಸುವ ಹಟವೇ ಮುಖ್ಯವಾಗಬಾರದು. 1976ರಿಂದ 1988ರವರೆಗೆ ದೆಹಲಿಯಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಕ್ಯಾನ್ಸರ್‌ಪೂರ್ವ ಬದಲಾವಣೆಗಳು ಹೇಗೆ ಮುಂದುವರಿಯುತ್ತವೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಶೋಧಕರು ಗಮನಿಸಿದರು. ಲಿಖಿತ ಒಪ್ಪಿಗೆ ಪಡೆದಿರಲಿಲ್ಲ, ಚಿಕಿತ್ಸೆ ಕೊಡದೆ ಕಾದರು ಎಂಬ ಆಕ್ಷೇಪ 1997ರಲ್ಲಿ ದೊಡ್ಡ ವಿವಾದವಾಯಿತು. ಬದಲಾವಣೆ ನಿಧಾನ, ವರ್ಷಗಟ್ಟಲೆ ಹಿಡಿಯುತ್ತದೆ ಎಂಬ ತಿಳಿವಳಿಕೆಗೆ ಇಂಥ ದಾಖಲೆಗಳೇ ಆಧಾರ ನಿಜ; ಕೆಲವರು ಅದಕ್ಕೆ ತೆತ್ತ ಬೆಲೆಯೂ ನಿಜ. ಮನುಷ್ಯರ ಮೇಲಿನ ಸಂಶೋಧನೆಗೆ ಐಸಿಎಂಆರ್‌ನ ವಿಸ್ತಾರವಾದ ನೈತಿಕ ಮಾರ್ಗಸೂಚಿ ಬಂದದ್ದು 2000ದಲ್ಲಿ.

ಈಗ ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಮುಂದೆ ಬಂದಿದೆ. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಸುಮಾರು 1,31,000 ಹೆಂಗಸರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಇನ್ನೂ ಸರಳ ದಾರಿ ಹಿಡಿದಿದೆ: 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ, ತೆಳು ಅಸಿಟಿಕ್ ಆಮ್ಲ ಹಚ್ಚಿ ಬಿಳಿ ಕಲೆ ಕಾಣುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡುವುದು. ಹಾಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು, 30ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ, ಶೇ. 1.9 ಮಾತ್ರ.

ಯಾವ ಪರೀಕ್ಷೆಯಾದರೂ ಸಂಶಯ ಬಂದಾಗ ಬಯಾಪ್ಸಿ ಓದಬೇಕಾದವರು ಪೆಥಾಲಜಿಸ್ಟರೇ. ಅವರ ರಿಪೋರ್ಟು ಹಳ್ಳಿಗೆ ಮರಳುವುದು ಮಾತ್ರ ಫೋನ್ ನಂಬರಿನ ಮೇಲೆ ನಿಂತಿದೆ. ಆ ನಂಬರು ಹಲವು ಮನೆಗಳಲ್ಲಿ ಗಂಡನದ್ದೋ ಮಗನದ್ದೋ ಆಗಿರುತ್ತದೆ. ಕರೆ ಎತ್ತಿದವರಿಗೆ ವಿಷಯ ಹೇಳುವಂತಿಲ್ಲ, ಹೇಳದೆ ಬಿಡುವಂತೆಯೂ ಇಲ್ಲ. ಆದ್ದರಿಂದ ರಿಜಿಸ್ಟರಿನಲ್ಲಿ ಆ ಊರಿನ ಆಶಾ ಕಾರ್ಯಕರ್ತೆಯ ನಂಬರಿಗೂ ಒಂದು ಕಾಲಂ ಇರಬೇಕು.